ಕೊಂಡಿಯ ಮೇಲಿನ ಭಾರ

ಚೆಲುವರಾಜು ಟ್ರೇಲರು ಕೊಂಡ ಸುದ್ದಿ ಅನಂತಪದ್ಮನಾಭನಿಗೆ ತಿಳಿದದ್ದು ಹೆಂಡತಿ ಜಲಜಾಳ ಬಾಯಿಂದ. ಅವಳಿಗೆ ಅದನ್ನು ಫೋನಿನಲ್ಲಿ ಹೇಳಿದ್ದು ರಾಜುವಿನ ಹೆಂಡತಿ ಸೌದಾಮಿನಿ.

"ಇಪ್ಪತ್ನಾಲ್ಕು ಅಡಿ ಉದ್ದ ಉಂಟಂತೆ. ಒಳಗೇ ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಉಂಟಂತೆ. ಎಳೀಲಿಕ್ಕೆ ಒಂದು ಹೊಸ ಟ್ರಕ್ಕೂ ತಗೊಂಡ್ರಂತೆ," ಎಂದಳು ಜಲಜಾ, ಬೀನ್ಸಿನ ನಾರು ತೆಗೆಯುತ್ತ.

ಅನಂತ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಎಂಥ ಟ್ರಕ್ಕು?"

"ಅದೆಲ್ಲ ನಂಗೆ ಹೇಗೆ ಗೊತ್ತು? ಹಿಂದೆ ಸೀಟು ಇರುವಂಥದ್ದಂತೆ. ಮಕ್ಕಳು ಕೂತ್ಕೊಳ್ಳಬಹುದಂತೆ."

ಇನ್ನೆರಡು ನಿಮಿಷ ಅದೇ ಪುಟ ನೋಡಿ, ಪತ್ರಿಕೆ ಮಡಚಿ, ಅವನು ಗ್ಯಾರೇಜಿಗೆ ಹೋದ. ಅಲ್ಲಿನ ಕಪಾಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಟ್ರೇಲರುಗಳ ಕ್ಯಾಟಲಾಗುಗಳಿದ್ದವು. ಏಳು ವರ್ಷದಿಂದ ಕೂಡಿಸಿದ್ದು. ಎಪ್ಪತ್ತೊಂಬತ್ತರಲ್ಲಿ ಗಂಡಹೆಂಡಿರು ಯೊಸೆಮಿಟಿಯ ಕಾಡಿಗೆ ಡೇರೆ ಕಟ್ಟಿಕೊಂಡು ಹೋಗಿ, ಎರಡು ದಿನ ಮಳೆಯಲ್ಲಿ ನೆಂದು, ಜಲಜಾ ಜ್ವರ ಬಂದು ನಡುಗುತ್ತ ಮನೆ ಸೇರಿದ ಮೇಲೆ ಅವನಿಗೆ ಈ ಆಸೆ ಹತ್ತಿತ್ತು. ಒಂದು ವರ್ಷ ಸ್ಯಾನ್ ರಮೋನಿನಲ್ಲಿ ಮನೆ ಕೊಂಡದ್ದು ಅಡ್ಡ ಬಂತು, ಮರುವರ್ಷ ಅವನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆಂಬ ಗಾಳಿಮಾತು. ಆಸೆ ಪೆಟ್ಟಿಗೆಯಲ್ಲೇ ಉಳಿಯಿತು. ಆದರೆ ಯಾವ ಮಾದರಿ ಎಷ್ಟು ತೂಕ, ಯಾವುದರ ಮಂಚ ಎಲ್ಲಿ ಮಡಚುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಭಾನುವಾರದ ವಾಕಿಂಗಿನಲ್ಲಿ ರಾಜುವಿಗೆ ಅದನ್ನೆಲ್ಲ ಎಷ್ಟು ಸಲ ಹೇಳಿದ್ದನೋ. ರಾಜು ಆಗ, "ಆ ಡಬ್ಬದೊಳಗೆ ಏನೋ ಮಜಾ?" ಎಂದು ನಗುತ್ತಿದ್ದ.

ಈಗ ಅದೇ ರಾಜು ಕೊಂಡಿದ್ದ. ನನ್ನ ಮಾತು ಕೇಳಿ ಕೇಳಿಯೇ ಇವನಿಗೆ ಆಸೆ ಹುಟ್ಟಿದ್ದು ಎಂದುಕೊಂಡಾಗ ಅನಂತನ ಹೊಟ್ಟೆಯೊಳಗೆ ಏನೋ ಚುರ್ರೆಂದಿತು.

ಹಾಗೆ ಚುರ್ರೆನ್ನುವುದು ಹೊಸತೇನಲ್ಲ. ಇಬ್ಬರೂ ಸುರತ್ಕಲ್ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಇದ್ದವರು. ಉಡುಪಿಯ ಅನಂತ ತರಗತಿಗೇ ಮೊದಲಿಗ. ಮಂಡ್ಯದ ಚೆಲುವರಾಜು ಅವನ ನೋಟ್ಸು ಓದಿ ಪಾಸಾದವನು. ಇಲ್ಲಿಗೆ ಬಂದ ಮೇಲೆ ರೆಡ್‌ವುಡ್ ಸಿಟಿಯಲ್ಲಿ ಇಪ್ಪತ್ತೇ ಜನರಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಮೊದಲು ಕರೆದದ್ದು ಅನಂತನನ್ನು. "ಇದು ಎರಡು ವರ್ಷ ಬಾಳುವ ಕಂಪನಿ ಅಲ್ಲ ಮಾರಾಯ," ಎಂದು ಅವನೇ ಬೇಡವೆಂದ. ಆ ಕೆಲಸಕ್ಕೆ ರಾಜು ಹೋದ. ಕಂಪನಿ ಬೆಳೆಯಿತು, ರಾಜುವೂ ಬೆಳೆದ. ಕ್ಯುಪರ್ಟಿನೋದಲ್ಲಿ ಮನೆ ಮಾಡಿದ, ಹೆಣ್ಣುಮಕ್ಕಳಿಬ್ಬರನ್ನೂ ಅಲ್ಲಿಯ ಸ್ಕೂಲಿಗೆ ಸೇರಿಸಿದ. ಅನಂತ ಇನ್ನೂ ಅದೇ ಹಳೆಯ ಯಂತ್ರಗಳ ಕಂಪನಿಯಲ್ಲಿ, ಅದೇ ಮೇಜಿನ ಮುಂದೆ. ಅವನಿಗೂ ಜಲಜಾಳಿಗೂ ಮಕ್ಕಳಾಗಲಿಲ್ಲ. ರಾಜುವಿನ ಮಕ್ಕಳು ಪ್ರಭಾ, ಜಯಂತಿ ಇಬ್ಬರಿಗೂ ಅನಂತು ಅಂಕಲ್ ಎಂದರೆ ಪ್ರಾಣ. ಅದೂ ಅವನಿಗೆ ಕೆಲವೊಮ್ಮೆ ಚುಚ್ಚುತ್ತಿತ್ತು.

ಮಾರನೆಯ ದಿನ ರಾಜುವಿನ ಫೋನು ಬಂತು.

"ಅನಂತೂ, ಟ್ರೇಲರ್ ಸಿಕ್ಕಿಸೋ ಈ ಹಿಚ್ಚು ಕೂರ್ಸೋದೆಲ್ಲ ನೀನೇ ಮಾಡ್ಕೊಡ್ಬೇಕು ಕಣೋ. ಆ ಡೀಲರು ನಾನೇ ಹಾಕಿಕೊಡ್ತೀನಿ ಅಂದ. ಬೇಡಪ್ಪಾ, ನನ್ನ ಫ್ರೆಂಡ್ ಒಬ್ಬ ಇದ್ದಾನೆ ಅಂದೆ. ನಂಗೆ ಬೇರೆ ಯಾರ ಮೇಲೂ ನಂಬಿಕೆ ಇಲ್ಲ."

ಬೇಡ ಎನ್ನಲು ಅನಂತನಿಗೆ ನೂರು ಕಾರಣ ಸಿಗುತ್ತಿತ್ತು. "ಶನಿವಾರ ಬರ್ತೇನೆ," ಎಂದ.

ಎರಡು ಶನಿವಾರ ಅವನು ಆ ಟ್ರಕ್ಕಿನ ಕೆಳಗೆ ಮಲಗಿ ಕೆಲಸ ಮಾಡಿದ. ಟ್ರಕ್ಕಿನ ಚಾಸಿಗೆ ಹಿಂದುಗಡೆ ದಪ್ಪ ಉಕ್ಕಿನ ಚೌಕಟ್ಟು ಕೂರಿಸಿ ಬೋಲ್ಟುಗಳನ್ನು ಬಿಗಿದ. ಟ್ರೇಲರಿನ ಮೂತಿ ಕೂರುವ ಉಕ್ಕಿನ ಗುಂಡನ್ನು ಸರಿಯಾದ ಎತ್ತರಕ್ಕೆ ತಂದ. ಟ್ರೇಲರಿನ ಭಾರವೆಲ್ಲ ಟ್ರಕ್ಕಿನ ಬಾಲದ ಮೇಲೆ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಎರಡು ಸ್ಪ್ರಿಂಗ್ ಕಂಬಿಗಳನ್ನು ಸರಪಳಿಯಿಂದ ಬಿಗಿದು ಆ ಭಾರವನ್ನು ಮುಂದಕ್ಕೂ ಹಂಚಬೇಕು. ಸರಪಳಿಯ ಎಷ್ಟನೆಯ ಬಳೆಯನ್ನು ಸಿಕ್ಕಿಸಿದರೆ ಟ್ರಕ್ಕು ಸಮನಾಗಿ ನಿಲ್ಲುತ್ತದೆ ಎಂದು ಅವನು ನಾಲ್ಕು ಸಲ ಅಳೆದ. ಡ್ಯಾಶ್‌ಬೋರ್ಡಿನ ಕೆಳಗೆ ಟ್ರೇಲರಿನ ಬ್ರೇಕಿಗೆಂದೇ ಪುಟ್ಟ ಪೆಟ್ಟಿಗೆಯೊಂದನ್ನು ಜೋಡಿಸಿದ. ಅದಕ್ಕೊಂದು ಕೈಲಿವರು. ವೈರುಗಳನ್ನು ಒಂದೊಂದಾಗಿ ಟೇಪು ಸುತ್ತಿ ಅಂದವಾಗಿ ಕಟ್ಟಿದ.

ಕೆಲಸ ಮಾಡುವಷ್ಟು ಹೊತ್ತು ಅವನಿಗೆ ಎಲ್ಲ ಮರೆಯುತ್ತಿತ್ತು. ಇದು ತನ್ನದೇ ಟ್ರಕ್ಕು, ನಾಳೆ ಬೆಳಿಗ್ಗೆ ಜಲಜಾ ಒಳಗಿನ ಒಲೆಯಲ್ಲಿ ಕಾಫಿ ಮಾಡುತ್ತಾಳೆ ಎಂಬಂತೆ ಕೈ ಓಡುತ್ತಿತ್ತು. ಕೆಳಗಿನಿಂದ ಹೊರಗೆ ಬಂದು ಕೈ ಒರೆಸಿಕೊಂಡಾಗ ಮಾತ್ರ ರಾಜು ಕಾಣುತ್ತಿದ್ದ. ಮಡಚುವ ಕುರ್ಚಿಯಲ್ಲಿ ಕೂತು ನಕಾಶೆ ಬಿಡಿಸಿಕೊಂಡು, "ಟಯೋಗಾ ಘಾಟಿ ಕಡೆಯಿಂದ ಹೋಗೋದಾ, ಬೇಡ್ವಾ?" ಎಂದು ಕೇಳುತ್ತಿದ್ದ. ಅನಂತ ಆ ದಾರಿಯನ್ನು ಏಳು ವರ್ಷ ನಕಾಶೆಯಲ್ಲೇ ಓಡಿಸಿದ್ದ.

ಕೊನೆಗೆ ಒಂದು ಚರ್ಚಿನ ಖಾಲಿ ಪಾರ್ಕಿಂಗಿನಲ್ಲಿ ರಾಜುವಿಗೆ ಓಡಿಸುವುದನ್ನು ಕಲಿಸಿದ.

"ಒಂದು ಮಾತು ನೆನಪಿಟ್ಕೋ. ಹಿಂದೆ ಟ್ರೇಲರು ಆಚೆ ಈಚೆ ಆಡ್ಲಿಕ್ಕೆ ಶುರು ಮಾಡಿದ್ರೆ ಬ್ರೇಕ್ ತುಳೀಬೇಡ. ಸ್ಟಿಯರಿಂಗು ತಿರುಗಿಸಲೂ ಬೇಡ. ನೆಟ್ಟಗೆ ಹಿಡ್ಕೊಂಡು, ಕಾಲು ತೆಗೆದು, ಈ ಲಿವರು ಒತ್ತು. ಟ್ರೇಲರಿನ ಬ್ರೇಕು ಮಾತ್ರ ಹಿಡೀತದೆ. ಅದು ಹಿಂದಕ್ಕೆ ಜಗ್ಗಿ ನೆಟ್ಟಗಾಗ್ತದೆ."

"ಯಾಕೆ ಆಡತ್ತೆ?"

"ಮೂತಿಯ ಮೇಲೆ ಭಾರ ಕಮ್ಮಿಯಾದ್ರೆ. ಸಾಮಾನೆಲ್ಲ ಹಿಂದೆ ತುಂಬಿದ್ರೆ ಮೂತಿ ಮೇಲಕ್ಕೇಳ್ತದೆ. ಆವಾಗ ಬಾಲ ಕೇಳೋದಿಲ್ಲ."

ರಾಜು ತಲೆಯಾಡಿಸಿದ. ಅರ್ಧ ಕೇಳಿಸಿಕೊಂಡ, ಅರ್ಧ ಕೇಳಿಸಿಕೊಳ್ಳಲಿಲ್ಲ.

ಜೂನ್ ಕೊನೆಯ ಒಂದು ಗುರುವಾರ ಮಧ್ಯಾಹ್ನ ಯೊಸೆಮಿಟಿಗೆ ಹೊರಡುವುದೆಂದಾಯಿತು. ಟ್ರೇಲರನ್ನು ಕೊಂಡಿಗೆ ಏರಿಸಿಕೊಡಲು ಅನಂತ ಅರ್ಧ ದಿನ ರಜೆ ಹಾಕಿ ಕ್ಯುಪರ್ಟಿನೋಗೆ ಹೋದ. ಅಷ್ಟರಲ್ಲಿ ರಾಜು ತಾನೇ ಹೇಗೋ ಏರಿಸಿಬಿಟ್ಟಿದ್ದ. ಮನೆಯ ಮುಂದೆ ಅವನ ಆಫೀಸಿನ ಮೂರು ನಾಲ್ಕು ಜನ, ಪಕ್ಕದ ಮನೆಯವರು ಎಲ್ಲ ಸೇರಿದ್ದರು. ಸೌದಾಮಿನಿ ಹಿಂದಿನ ಕೋಣೆಯ ಕಪಾಟಿಗೆ ಅಕ್ಕಿಯ ಮೂಟೆ, ಕುಕ್ಕರು, ಸ್ಟೀಲಿನ ಡಬ್ಬಗಳನ್ನು ತುಂಬಿಸುತ್ತಿದ್ದಳು.

"ಅನಂತೂ, ಇಲ್ಲಿ ಬಾ, ಇಲ್ಲಿ ನೋಡು!" ರಾಜು ಅವನನ್ನು ಟ್ರೇಲರಿನ ಹಿಂದಕ್ಕೆ ಎಳೆದುಕೊಂಡು ಹೋದ. ಹಿಂದಿನ ಬಂಪರಿಗೆ ಹೊಸದಾಗಿ ಒಂದು ಕಬ್ಬಿಣದ ಚಾಚು ಬೆಸುಗೆ ಹಾಕಿತ್ತು. ಅದರ ಮೇಲೆ ಒಂದು ಜನರೇಟರು. ಅದರ ಹಿಂದೆ ಮೂರು ಸೈಕಲ್ಲು. "ನಿನ್ನೆ ಹಾಕಿಸ್ದೆ. ನಿಂಗೆ ಯಾಕೆ ಪದೇ ಪದೇ ತೊಂದರೆ ಕೊಡೋದು ಅಂತ ಅಲ್ಲೇ ಒಂದು ವೆಲ್ಡಿಂಗ್ ಶಾಪಲ್ಲಿ ಮಾಡಿಸ್ದೆ. ಹೆಂಗಿದೆ?"

ಅನಂತ ನೋಡಿದ. ನೀರಿನ ಟ್ಯಾಂಕು ಹಿಂದುಗಡೆಯೇ ಇತ್ತು, ಅದೂ ತುಂಬಿತ್ತು. ಮುಂದೆ ಬಂದು ಕೊಂಡಿಯನ್ನು ನೋಡಿದ. ತಾನು ನಾಲ್ಕು ಸಲ ಅಳೆದು ಬಿಗಿದಿದ್ದ ಸರಪಳಿಗಳು ಸಡಿಲವಾಗಿದ್ದವು. ಟ್ರೇಲರಿನ ಮೂತಿ ಎರಡು ಇಂಚಾದರೂ ಮೇಲೆದ್ದಿತ್ತು. ಅಲ್ಲಿದ್ದ ಯಾರ ಕಣ್ಣಿಗೂ ಅದು ಕಾಣುವಂಥದ್ದಲ್ಲ. ಅವನಿಗೆ ಒಂದೇ ನೋಟ ಸಾಕಾಯಿತು.

ಹೇಳಬೇಕೆಂದು ಅವನು ರಾಜುವಿನ ಕಡೆ ತಿರುಗಿದ. ರಾಜು ಆಗಲೇ ಅವನ ಹೆಗಲ ಮೇಲೆ ಕೈಹಾಕಿ ಆಫೀಸಿನವರಿಗೆ ಪರಿಚಯ ಮಾಡಿಸುತ್ತಿದ್ದ. "ದಿಸ್ ಈಸ್ ಮೈ ಮೆಕ್ಯಾನಿಕ್!" ಎಂದು ಜೋರಾಗಿ ನಕ್ಕ. ಅವರೂ ನಕ್ಕರು. ಒಬ್ಬ ಅನಂತನ ಕೈ ಕುಲುಕಿ, ನಿಮ್ಮ ಶಾಪ್ ಎಲ್ಲಿದೆ ಎಂದು ನಿಜವಾಗಿಯೇ ಕೇಳಿದ.

ರಾಜು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಅನಂತನಿಗೂ ಅದು ಗೊತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡಿತು. ಎಲ್ಲ ಗೊತ್ತಿದೆಯಲ್ಲ ಇವನಿಗೆ, ಹೋಗಲಿ, ಎಂದು ಒಳಗೆ ಯಾರೋ ಅಂದರು. ಒಂದಿಷ್ಟು ಹೆದರಲಿ. ದಾರಿಯಲ್ಲಿ ಒಂದಿಷ್ಟು ಪರದಾಡಲಿ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಬಯಸಿರಲಿಲ್ಲ. ಅಥವಾ ಅದಕ್ಕಿಂತ ಮುಂದೆ ಯೋಚಿಸಲು ತನ್ನನ್ನು ಬಿಡಲಿಲ್ಲ.

"ಎಲ್ಲ ಸರಿ ಇದೆಯಲ್ಲ?" ಎಂದು ಸೀಟಿಗೆ ಹತ್ತುತ್ತ ರಾಜು ಕೇಳಿದ.

"ಹ್ಞೂಂ," ಎಂದ ಅನಂತ.

ಹಿಂದಿನ ಕಿಟಕಿಯಿಂದ ಆರು ವರ್ಷದ ಜಯಂತಿ ಕೈಬೀಸಿದಳು. "ಬೈ ಅನಂತು ಅಂಕಲ್! ವಿ ವಿಲ್ ಬ್ರಿಂಗ್ ಯೂ ಎ ಪೈನ್‌ಕೋನ್!"

ಅನಂತನ ಮನೆಗೂ ಅವರು ಹಿಡಿದ 680 ಫ್ರೀವೇಯೇ ದಾರಿ. ಸ್ವಲ್ಪ ಹೊತ್ತು ಬಿಟ್ಟು ಹೊರಟರೂ ಸುನೋಲಿನ ಏರಿನಲ್ಲಿ ಅವನ ಟೊಯೋಟಾ ಅವರನ್ನು ಹಿಡಿಯಿತು. ನಡುವೆ ಆರೇಳು ಕಾರು ಬಿಟ್ಟು ಅವನು ಹಿಂದೆ ಹಿಂದೆಯೇ ಹೋದ. ಏರಿನಲ್ಲಿ ಟ್ರೇಲರು ಸುಮ್ಮನಿತ್ತು. ಇಳಿಜಾರಿನಲ್ಲಿ ಅದರ ಹಿಂಭಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತುಸುವೇ ಸರಿಯಿತು. ಸೈಕಲ್ಲಿನ ಚಕ್ರಗಳು ಬಿಸಿಲಿಗೆ ಮಿನುಗಿದವು. ಹೆಡ್‌ಲೈಟು ಹೊಡೆದರೆ, ಪಕ್ಕಕ್ಕೆ ಬಂದು ಹಾರ್ನು ಮಾಡಿದರೆ, ಅವರು ನಿಲ್ಲಿಸುತ್ತಿದ್ದರು, ಅಲ್ಲಿಗೇ ಮುಗಿಯುತ್ತಿತ್ತು.

ಡಬ್ಲಿನ್ ಎಂಬ ಊರಿನ ಬಳಿ ದಾರಿ ಒಡೆಯಿತು. ಟ್ರಕ್ಕು ಬಲಕ್ಕೆ ತಿರುಗಿ 580 ಹಿಡಿದು ಆಲ್ಟಮಾಂಟ್ ಗುಡ್ಡಗಳ ಕಡೆ ಹೋಯಿತು. ಅನಂತ ನೇರವಾಗಿ ಮನೆಗೆ ಹೋದ.

"ಹೋದ್ರಾ?" ಎಂದಳು ಜಲಜಾ.

"ಹೋದ್ರು."

ಅವಳು ಕಾಫಿ ತಂದುಕೊಟ್ಟಳು. ಅವನು ಹಿತ್ತಲ ಕಡೆ ಮುಖ ಮಾಡಿ ಕೂತ. ಬೇಲಿಯಾಚೆಯ ನೀಲಗಿರಿ ಮರಗಳು ಒಂದೇ ಕಡೆಗೆ ಬಾಗಿ ಏಳುತ್ತಿದ್ದವು. ಸಂಜೆಯ ಗಾಳಿ ಎದ್ದಿತ್ತು. ಇಲ್ಲಿಯೇ ಇಷ್ಟು ಗಾಳಿ ಎಂದರೆ ಆಲ್ಟಮಾಂಟಿನಲ್ಲಿ ಹೇಗಿರಬೇಡ. ಆ ಗುಡ್ಡಗಳ ಮೇಲೆ ಸಾವಿರಗಟ್ಟಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆಯೇ? ಬೇಸಿಗೆಯ ಸಂಜೆ ಅಲ್ಲಿ ಖಾಲಿ ಲಾರಿಗಳೇ ಓಲಾಡುತ್ತವೆ.

ಪೈನ್‌ಕೋನ್ ತರುತ್ತೇನೆಂದಿದ್ದಳು ಹುಡುಗಿ.

ಅವನು ಕಾಫಿಯನ್ನು ಹಾಗೇ ಬಿಟ್ಟು ಎದ್ದ. ಬಾತ್‌ರೂಮಿಗೆ ಹೋಗಿ ತೂಕದ ಯಂತ್ರ ಎತ್ತಿಕೊಂಡ. ಗ್ಯಾರೇಜಿನಿಂದ ಒಂದು ಹಲಗೆ, ಎರಡು ಪೈಪಿನ ತುಂಡು, ಸ್ಪ್ಯಾನರಿನ ಪೆಟ್ಟಿಗೆ ತೆಗೆದು ಕಾರಿಗೆ ತುಂಬಿದ.

"ತೂಕದ ಯಂತ್ರ ಎಂತಕ್ಕೆ?" ಎಂದು ಜಲಜಾ ಬಾಗಿಲಲ್ಲಿ ನಿಂತು ಕೇಳಿದಳು.

"ಒಂದು ಹೇಳೋದು ಮರ್ತಿದ್ದೆ ಅವನಿಗೆ."

ಅವಳು ಅವನ ಮುಖ ನೋಡಿದಳು. "ಮರ್ತದ್ದಾ?" ಎಂದಳು.

ಅವನು ಕಾರು ಹತ್ತಿ ಹೊರಟ.

ಲಿವರ್‌ಮೋರ್ ದಾಟಿದ ಮೇಲೆ ಟೊಯೋಟಾದ ಸ್ಟಿಯರಿಂಗೇ ಕೈಯಲ್ಲಿ ಜಗ್ಗತೊಡಗಿತು. ಒಣಗಿ ಹಳದಿಯಾದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹುಚ್ಚು ಹಿಡಿದಂತೆ ತಿರುಗುತ್ತಿದ್ದವು. ಅವನು ಪ್ರತಿಯೊಂದು ತಿರುವಿನಲ್ಲೂ ಬಿಳಿಯ ಟ್ರೇಲರನ್ನು ಹುಡುಕಿದ. ಇಷ್ಟು ಹೊತ್ತಿಗೆ ದಾಟಿರುತ್ತಾರೆ, ಏನೂ ಆಗಿರುವುದಿಲ್ಲ, ಎಂದುಕೊಂಡ. ನೆತ್ತಿ ದಾಟಿ ಇಳಿಜಾರು ಶುರುವಾದಾಗ ರಸ್ತೆಯ ಮೇಲೆ ನಜ್ಜುಗುಜ್ಜಾದ ಪುಟ್ಟ ಸೈಕಲ್ಲೊಂದು ಬಿದ್ದಿತ್ತು. ಗುಲಾಬಿ ಬಣ್ಣದ್ದು.

ಅವನು ವೇಗ ಇಳಿಸಿ ರಸ್ತೆಯ ಅಂಚನ್ನೇ ನೋಡುತ್ತ ಹೋದ.

ಮುಂದೆ ಕಾಲು ಮೈಲಿಯಲ್ಲಿ, ಲಾರಿಗಳು ನಿಂತು ಬ್ರೇಕು ತಣಿಸಿಕೊಳ್ಳುವ ಅಗಲದ ಜಾಗದಲ್ಲಿ ಟ್ರಕ್ಕು ನಿಂತಿತ್ತು. ಅದರ ಹಿಂದೆ ಟ್ರೇಲರು ಸ್ವಲ್ಪ ಅಡ್ಡವಾಗಿ, ಆದರೆ ಮಗುಚದೆ ನಿಂತಿತ್ತು. ಸೌದಾಮಿನಿ ಬೇಲಿಯ ಪಕ್ಕ ಒಣಹುಲ್ಲಿನ ಮೇಲೆ ಕೂತು ಇಬ್ಬರು ಮಕ್ಕಳನ್ನೂ ಅವಚಿಕೊಂಡಿದ್ದಳು. ಜಯಂತಿ ಅಳುತ್ತಿದ್ದಳು. ಯಾರ ಮೈಮೇಲೂ ಗಾಯ ಇರಲಿಲ್ಲ. ಅನಂತ ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ.

"ಅನಂತು ಅವ್ರೇ! ನೀವು ಹೇಗೆ ಬಂದ್ರಿ? ದೇವರೇ ಕಳಿಸ್ದಂಗೆ ಬಂದ್ರಿ," ಎಂದು ಸೌದಾಮಿನಿ ಎದ್ದು ನಿಂತಳು.

ರಾಜು ಇನ್ನೂ ಡ್ರೈವರ್ ಸೀಟಿನಲ್ಲೇ ಇದ್ದ, ಎರಡೂ ಕೈ ಸ್ಟಿಯರಿಂಗಿನ ಮೇಲೆ. ಅನಂತನನ್ನು ಕಂಡು ಇಳಿದು ಬಂದು ಅಪ್ಪಿಕೊಂಡ. ಅವನ ಬೆನ್ನು ಬೆವರಿನಿಂದ ತೊಯ್ದಿತ್ತು.

"ಲಿವರ್‌ಮೋರಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ಹೊರಟ್ವಿ. ಆಮೇಲೆ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹೋಯ್ತು ನೋಡು, ಹಿಂದಿಂದ ಯಾರೋ ಹಿಡ್ಕೊಂಡು ಅಲ್ಲಾಡಿಸ್ದಂಗಾಯ್ತು. ಕನ್ನಡೀಲಿ ನೋಡ್ತೀನಿ, ಆ ಕಡೆ ಒಂದ್ಸಲ ಟ್ರೇಲರು, ಈ ಕಡೆ ಒಂದ್ಸಲ ಟ್ರೇಲರು. ಟ್ರಕ್ಕನ್ನೇ ಎತ್ತಿ ಒಗೆಯತ್ತೆ ಅನ್ನಿಸ್ತು. ಬ್ರೇಕ್ ತುಳಿಯೋಕೆ ಕಾಲು ಎತ್ತಿದ್ದೆ ಕಣೋ. ನೀನು ಹೇಳಿದ್ದು ಜ್ಞಾಪಕ ಬಂತು. ಆ ಲಿವರು ಒತ್ತಿದೆ. ಹಿಂದಕ್ಕೆ ಎಳ್ಕೊಂಡು ನೆಟ್ಟಗಾಯ್ತು. ನಿನ್ನಿಂದ ಉಳಿದ್ವಿ ಅನಂತೂ. ನೀನು ಆ ಮಾತು ಹೇಳಿಲ್ದೇ ಇದ್ದಿದ್ರೆ..."

"ಮೂತಿ ತೂಗಿ ನೋಡುವ," ಎಂದ ಅನಂತ.

ಕೊಂಡಿ ಬಿಡಿಸಿ, ಹಲಗೆಯ ಒಂದು ತುದಿಯನ್ನು ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ತೂಕದ ಯಂತ್ರದ ಮೇಲಿಟ್ಟು, ಕಲ್ಲಿನಿಂದ ಹಲಗೆಯ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಪೈಪು ಕೊಟ್ಟು ಮೂತಿಯನ್ನು ಇಳಿಸಿದ. ಮುಳ್ಳು ಎಪ್ಪತ್ತರ ಹತ್ತಿರ ನಿಂತಿತು.

"ಮೂರರಿಂದ ಗುಣಿಸು. ಇನ್ನೂರ ಹತ್ತು ಪೌಂಡು."

"ಎಷ್ಟಿರ್ಬೇಕಿತ್ತು?"

"ಆರುನೂರಾದ್ರೂ ಬೇಕು."

ರಾಜು ಬಾಯಿ ತೆರೆದು ನೋಡಿದ. ಇಬ್ಬರೂ ಹಿಂದಕ್ಕೆ ಹೋಗಿ ಜನರೇಟರಿನ ನಟ್ಟುಗಳನ್ನು ಬಿಚ್ಚತೊಡಗಿದರು. ಗಾಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕಿತ್ತು. ರಾಜು ಕೇಳಿದ, "ಅದ್ಸರಿ, ನೀನು ಹೆಂಗೆ ಬಂದೆ? ನಿಂಗೆ ಹೆಂಗೆ ಗೊತ್ತಾಯ್ತು?"

ಸುಳ್ಳು ಸಿದ್ಧವಾಗಿಯೇ ಇತ್ತು. ಯಾಕೋ ಅನುಮಾನ ಬಂತು, ಬಂದೆ, ಎಂದರೆ ಸಾಕಿತ್ತು. ರಾಜು ಮತ್ತೊಮ್ಮೆ ಅಪ್ಪಿಕೊಳ್ಳುತ್ತಿದ್ದ. ಆ ಅಪ್ಪುಗೆಯನ್ನು ಇನ್ನೊಮ್ಮೆ ತಡೆದುಕೊಳ್ಳುವುದು ತನ್ನಿಂದ ಆಗದು ಎನ್ನಿಸಿತು ಅನಂತನಿಗೆ.

"ನಿನ್ನ ಮನೆ ಮುಂದೆಯೇ ಗೊತ್ತಾಗಿತ್ತು. ಮೂತಿ ಎದ್ದದ್ದು ನೋಡಿದ್ದೆ. ಹೇಳ್ಲಿಲ್ಲ."

"ಏನು?"

"ಹೇಳ್ಲಿಲ್ಲ ಮಾರಾಯ. ಬೇಕೂಂತ ಹೇಳ್ಲಿಲ್ಲ."

ರಾಜುವಿನ ಕೈಯ ಸ್ಪ್ಯಾನರು ನಿಂತಿತು. ಅವನು ಅನಂತನ ಕಡೆ ತಿರುಗಿದ. ಪಕ್ಕದಲ್ಲಿ ಲಾರಿಗಳು ಗುಡುಗುತ್ತ ಇಳಿಯುತ್ತಿದ್ದವು.

"ಒಳಗೆ ಮಕ್ಕಳಿದ್ರು," ಎಂದ.

"ಹೌದು."

"ಯಾಕೋ?"

"ಹೊಟ್ಟೆಕಿಚ್ಚು."

"ಯಾವುದಕ್ಕೆ? ಇದಕ್ಕಾ? ಈ ಡಬ್ಬಕ್ಕಾ?" ರಾಜು ಟ್ರೇಲರಿನ ತಗಡನ್ನು ಅಂಗೈಯಿಂದ ಬಡಿದ.

"ಎಲ್ಲದಕ್ಕೂ," ಎಂದ ಅನಂತ.

ರಾಜು ಹೊಡೆಯುತ್ತಾನೆ ಎಂದುಕೊಂಡಿದ್ದ. ಹೊಡೆದಿದ್ದರೆ ಚೆನ್ನಾಗಿತ್ತು. ರಾಜು ತಿರುಗಿ, ಮಿಕ್ಕ ನಟ್ಟು ಬಿಚ್ಚಿ, ಒಬ್ಬನೇ ಆ ಜನರೇಟರನ್ನು ಎದೆಗವಚಿಕೊಂಡು ಹೊತ್ತು ಟ್ರಕ್ಕಿನ ಹಿಂದಿನ ತೊಟ್ಟಿಗೆ ಹಾಕಿದ. ಆಮೇಲೆ ಒಂದು ಗಂಟೆ ಇಬ್ಬರೂ ಕೆಲಸ ಮಾಡಿದರು. ನೀರಿನ ಟ್ಯಾಂಕು ಖಾಲಿ ಮಾಡಿದರು. ಅಕ್ಕಿ, ಡಬ್ಬ, ಕುಕ್ಕರು ಎಲ್ಲ ಮುಂದಕ್ಕೆ ಬಂದವು. ಉಳಿದ ಎರಡು ಸೈಕಲ್ಲೂ ಟ್ರಕ್ಕಿನ ತೊಟ್ಟಿ ಸೇರಿದವು. ಮತ್ತೆ ತೂಗಿದಾಗ ಮುಳ್ಳು ಇನ್ನೂರ ಐದರಲ್ಲಿ ನಿಂತಿತು, ಮೂರರಿಂದ ಗುಣಿಸಿದರೆ ಆರುನೂರು ದಾಟಿತು. ಅನಂತ ಸರಪಳಿಗಳನ್ನು ತನ್ನ ಹಳೆಯ ಗುರುತಿಗೇ ಬಿಗಿದ.

"ಟ್ರೇಸಿವರೆಗೆ ನೀನು ಓಡ್ಸು," ಎಂದು ರಾಜು ಕೀ ಕೊಟ್ಟ. "ಈ ಇಳಿಜಾರಲ್ಲಿ ಮತ್ತೆ ಓಡ್ಸೋಕೆ ನಂಗೆ ಧೈರ್ಯ ಇಲ್ಲ." ಹೆಂಡತಿಯ ಕಡೆ ತಿರುಗಿ, "ನೀನೂ ಮಕ್ಕಳೂ ಇವನ ಕಾರಲ್ಲಿ ಹಿಂದೆ ಬನ್ನಿ," ಎಂದ. ಯಾಕೆಂದು ಸೌದಾಮಿನಿ ಕೇಳಲಿಲ್ಲ. ಮಕ್ಕಳು ಆ ಟ್ರಕ್ಕಿಗೆ ಮತ್ತೆ ಹತ್ತಲು ಹೆದರುತ್ತಿದ್ದರು.

ಅನಂತ ಗೇರು ಹಾಕಿದ. ಐದು ಸಾವಿರ ಪೌಂಡಿನ ಮನೆ ಅವನ ಬೆನ್ನ ಹಿಂದೆ ಮೆಲ್ಲಗೆ ಎದ್ದು ಹೊರಟಿತು. ಗಾಳಿ ಅಡ್ಡಲಾಗಿ ಬಡಿಯಿತು. ಟ್ರೇಲರು ಒಮ್ಮೆ ಭುಜ ಕುಣಿಸಿದಂತೆ ಮಾಡಿ, ಮತ್ತೆ ಹಿಂದೆ ಹಿಂದೆಯೇ ಬಂತು. ಸ್ಟಿಯರಿಂಗಿನಲ್ಲಿ ರಸ್ತೆಯ ಪ್ರತಿ ಗೀರೂ ಅಂಗೈಗೆ ತಿಳಿಯುತ್ತಿತ್ತು. ತಾನು ಬಿಗಿದ ಪ್ರತಿಯೊಂದು ಬೋಲ್ಟೂ ತನ್ನ ಕೆಲಸ ಮಾಡುತ್ತಿತ್ತು. ಇಳಿಜಾರಿನ ಕೆಳಗೆ ಬಯಲು ತೆರೆದುಕೊಂಡಿತು, ಅದರ ಆಚೆ ಎಲ್ಲೋ ಸಿಯೆರಾ ಬೆಟ್ಟಗಳು. ಅವನಿಗೆ ಸುಖವಾಯಿತು. ನಾಚಿಕೆಯಿಂದ ಕಿವಿ ಕಾದಿದ್ದರೂ ಆ ಸುಖ ಹೋಗಲಿಲ್ಲ.

"ಹೆಂಗಿದೆ?" ಎಂದು ಕಿಟಕಿಯ ಆಚೆ ನೋಡುತ್ತಲೇ ರಾಜು ಕೇಳಿದ.

"ಚೆನ್ನಾಗುಂಟು," ಎಂದ ಅನಂತ.

ಟ್ರೇಸಿಯ ಪೆಟ್ರೋಲ್ ಬಂಕಿನಲ್ಲಿ ರಾಜು ಕೀ ಇಸಿದುಕೊಂಡ. ಸೌದಾಮಿನಿ, ವಾಪಸು ಹೋಗೋಣ ಎಂದಳು. ರಾಜು, ಇಲ್ಲ, ಹೋಗೇ ಹೋಗೋಣ, ಎಂದ. ಮಕ್ಕಳನ್ನು ಪುಸಲಾಯಿಸಿ ಹತ್ತಿಸಿದರು. ರಾಜು ಅನಂತನ ಕಡೆ ತಿರುಗದೆ ಟ್ರಕ್ಕು ಹತ್ತಿ ಹೊರಟುಹೋದ.

ಮನೆಗೆ ಬಂದು ಅನಂತ ಜಲಜಾಳಿಗೆ ಎಲ್ಲ ಹೇಳಿದ. ಅವಳು ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಮೇಜಿನ ಮೇಲಿದ್ದ ತಣ್ಣಗಾದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಲೋಟ ತೊಳೆದಳು.

"ಅವರ ಗೃಹಪ್ರವೇಶದ ದಿನ ನೀವು ಎಂತ ಹೇಳಿದ್ದು, ನೆನಪುಂಟಾ? ನೆಲ ಇಳಿಜಾರಾಗಿದೆ ಅಂದಿರಿ. ಮನೆಗೆ ಬರುವ ತನಕ ಅದನ್ನೇ ಹೇಳಿದಿರಿ," ಎಂದಳು. "ನಂಗೆ ಗೊತ್ತಿತ್ತು ನಿಮಗೆ ಹೀಗೆ ಉಂಟು ಅಂತ. ಇಷ್ಟು ಉಂಟು ಅಂತ ಗೊತ್ತಿರ್ಲಿಲ್ಲ."

ಮೂರು ತಿಂಗಳು ರಾಜುವಿನ ಫೋನು ಬರಲಿಲ್ಲ. ಸೌದಾಮಿನಿ ಮಾತ್ರ ಜಲಜಾಳಿಗೆ ಎಂದಿನಂತೆ ಫೋನು ಮಾಡುತ್ತಿದ್ದಳು. ಅವಳ ಮಾತಿನಲ್ಲಿ ಒಂದು ಬಿರುಸೂ ಇಲ್ಲ. ಅವಳಿಗೆ ಗೊತ್ತಿಲ್ಲ ಎಂದಾಯಿತು.

ಸೆಪ್ಟೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಸನಿವೇಲಿನ ಒಂದು ಸ್ಕೂಲಿನ ಹಾಲಿನಲ್ಲಿ ಗಣೇಶನನ್ನು ಕೂರಿಸಿದರು. ಅನಂತ ಹೋಗುವುದಿಲ್ಲ ಎಂದ. ಜಲಜಾ, ಹೋಗಲೇಬೇಕು ಎಂದಳು. ಊಟದ ಹೊತ್ತಿಗೆ ರಾಜುವಿನ ಸುತ್ತ ಎಂಟು ಹತ್ತು ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವನು ಆಲ್ಟಮಾಂಟಿನ ಕಥೆ ಹೇಳುತ್ತಿದ್ದ. ಅನಂತ ಪುಳಿಯೋಗರೆಯ ತಟ್ಟೆ ಹಿಡಿದು ದೂರದ ಗೋಡೆಗೆ ಒರಗಿ ನಿಂತ.

"...ಅಷ್ಟೊತ್ತಿಗೆ ನೋಡ್ತೀನಿ, ಇವನು ಹಿಂದೆ ಬಂದು ನಿಂತಿದ್ದಾನೆ! ಮನೇಲಿ ಕೂತಿದ್ದವನಿಗೆ ಅನುಮಾನ ಬಂತಂತೆ. ಬಾತ್‌ರೂಮಿನ ತೂಕದ ಮೆಷೀನು ಎತ್ಕೊಂಡು ಓಡಿ ಬಂದಿದ್ದಾನೆ. ಇಂಥ ಫ್ರೆಂಡ್ ಯಾರಿಗಿದ್ದಾನೆ ಹೇಳ್ರಿ!"

ಎಲ್ಲರೂ ತಿರುಗಿ ನೋಡಿದರು. ಹನುಮಂತರಾಜು ಎಂಬ ಹಿರಿಯರು ಎದ್ದು ಬಂದು, "ಭೇಷ್ ಕಣಪ್ಪಾ," ಎಂದು ಬೆನ್ನು ತಟ್ಟಿದರು. ಅನಂತ ನಗಬೇಕಾಯಿತು. ನಗುತ್ತಿದ್ದಂತೆ ಆ ಹಳೆಯ ಚುರ್ರು ಮತ್ತೆ ಒಳಗೆ ಎದ್ದಿತು. ಮನೆಗೆ, ಕೆಲಸಕ್ಕೆ, ಮಕ್ಕಳಿಗೆ ಕರುಬಿದ್ದಾಯಿತು. ಈಗ ಈ ದೊಡ್ಡ ಮನಸ್ಸಿಗೂ ಕರುಬಬೇಕಾಯಿತೇ? ಮನ್ನಿಸುವುದರಲ್ಲೂ ಇವನೇ ಮುಂದೆ.

ಪಾರ್ಕಿಂಗಿನಲ್ಲಿ ರಾಜು ಒಬ್ಬನೇ ಇದ್ದಾಗ ಅವನು ಹತ್ತಿರ ಹೋದ.

"ಹಾಗೆ ಯಾಕೆ ಹೇಳಿದೆ?"

"ಹೆಂಗೆ ಹೇಳ್ಬೇಕಿತ್ತು?" ರಾಜುವಿನ ಮುಖದಲ್ಲಿ ಊಟದ ಹೊತ್ತಿನ ನಗು ಇರಲಿಲ್ಲ. "ನಿಜ ಹೇಳಿದ್ರೆ ಸೌದಾಮಿನಿ ನಿನ್ನನ್ನ ಮನೆ ಹೊಸಿಲು ತುಳಿಯೋಕೆ ಬಿಡಲ್ಲ. ಮಕ್ಕಳು ದಿನಾ ಕೇಳ್ತಾರೆ, ಅನಂತು ಅಂಕಲ್ ಯಾಕೆ ಬರಲ್ಲ ಅಂತ. ಏನು ಹೇಳ್ಲಿ ಅವರಿಗೆ?"

"ಕ್ಷಮಿಸು, ರಾಜು."

"ಕ್ಷಮಿಸಿಲ್ಲ ಕಣೋ. ನನ್ನದು ದೊಡ್ಡ ಮನಸ್ಸು ಅಂತ ಅಂದ್ಕೋಬೇಡ. ಕೆಲವು ಸಲ ಆಫೀಸಲ್ಲಿ ಕೂತಿರ್ತೀನಿ, ಮೈಯೆಲ್ಲ ಉರಿಯತ್ತೆ. ಆಮೇಲೆ ಬಂದ್ಯಲ್ಲ ಅಂತ ಅನ್ನಿಸತ್ತೆ. ಎರಡೂ ನೀನೇ ಅಲ್ವಾ. ಏನು ಮಾಡ್ಲಿ?" ಅವನು ಕಾರಿನ ಬಾಗಿಲು ತೆಗೆದು, ಹತ್ತದೆ ನಿಂತ. "ಚಳಿಗಾಲಕ್ಕೆ ಮುಂಚೆ ಆ ಟ್ರೇಲರಿನ ಬೇರಿಂಗಿಗೆ ಗ್ರೀಸ್ ಹಾಕ್ಬೇಕಂತೆ. ಬರ್ತೀಯಾ?"

"ಬರ್ತೇನೆ."

ಮುಂದಿನ ಶನಿವಾರ ಅನಂತ ಹೋದ. ಪ್ರಭಾ, ಜಯಂತಿ ಇಬ್ಬರೂ ಓಡಿ ಬಂದು ಅವನ ಕೈಗೆ ಜೋತುಬಿದ್ದರು. ಸೌದಾಮಿನಿ ಉಪ್ಪಿಟ್ಟು ತಿನ್ನಿಸಿದಳು. ಆಮೇಲೆ ಅವನು ಜಾಕು ಹಾಕಿ ಚಕ್ರ ಎತ್ತಿ, ಬೇರಿಂಗು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ ಕೂರಿಸಿದ. ರಾಜು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪ್ರತಿಯೊಂದನ್ನೂ ನೋಡುತ್ತಿದ್ದ. ಅನಂತ ಒಂದೊಂದು ನಟ್ಟು ಬಿಗಿದು ಮುಗಿಸಿದ ಮೇಲೆ ಅವನು ಕೈಚಾಚಿ ಸ್ಪ್ಯಾನರು ಇಸಿದುಕೊಂಡು, ತಾನೂ ಒಮ್ಮೆ ಜಗ್ಗಿ ನೋಡುತ್ತಿದ್ದ.

ಮೊದಲನೆಯ ಸಲ ಅನಂತನಿಗೆ ಮುಖಕ್ಕೆ ಹೊಡೆದಂತಾಯಿತು. ಎರಡನೆಯ ಚಕ್ರದ ಹೊತ್ತಿಗೆ, ರಾಜು ಕೈಚಾಚುವ ಮೊದಲೇ, ತಾನೇ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟ.

"ಹಾಗಲ್ಲ, ಹಿಡಿಯ ತುದಿ ಹಿಡ್ಕೋ. ಬಲ ಬೀಳ್ತದೆ," ಎಂದ.

ರಾಜು ತುದಿ ಹಿಡಿದು, ಉಸಿರು ಬಿಗಿಹಿಡಿದು ಜಗ್ಗಿದ. ನಟ್ಟು ಅಲ್ಲಾಡಲಿಲ್ಲ. ಅವನು ತಲೆಯಾಡಿಸಿ ಮುಂದಿನದಕ್ಕೆ ಸರಿದ.